ಕಾವಾ ಕಾರ್ಖಾನೆಗೊಂದು ಸುತ್ತು: ಗುಳ್ಳೆಗಿಂತ ಕಾಲಕ್ಕೇ ಬೆಲೆ ಹೆಚ್ಚು

ಸ್ಪೇನ್ ದೇಶದ ಬಾರ್ಸಿಲೋನಾ ನಗರದಿಂದ ಪಶ್ಚಿಮಕ್ಕೆ ಸುಮಾರು 40 ಕಿ.ಮೀ. ದೂರದಲ್ಲಿ ಸಾಂತ್ ಸದುರ್ನಿ ದಾನೋಯಾ ಎಂಬ ಸಣ್ಣ ಪಟ್ಟಣವಿದೆ. ರೈಲಿನಿಂದ ಇಳಿದೊಡನೆ ಕಣ್ಣಿಗೆ ಬೀಳುವುದೇ ಒಂದು ವೈನ್ ಕಾರ್ಖಾನೆ. ಊರನ್ನು ಸುತ್ತುವರಿದಿರುವುದೂ ದ್ರಾಕ್ಷಿ ತೋಟಗಳೇ. ಇಲ್ಲಿನ ಜನಜೀವನ ಬಹುಮಟ್ಟಿಗೆ ಒಂದೇ ಪಾನೀಯವನ್ನು ಅವಲಂಬಿಸಿದೆ. ಅದರ ಹೆಸರು ಕಾವಾ. ಬಿರಡೆ ತೆಗೆದೊಡನೆ ನೊರೆಯುಕ್ಕಿಸುವ ಈ ವೈನ್ ಫ್ರಾನ್ಸಿನ ಶಾಂಪೇನಿನ ಹತ್ತಿರದ ಬಂಧು. ತಯಾರಿಕೆಯ ವಿಧಾನ ಎರಡಕ್ಕೂ ಒಂದೇ ಆದರೂ ಮಾರುಕಟ್ಟೆಯಲ್ಲಿ ಕಾವಾದ ಬೆಲೆ ಸಾಮಾನ್ಯವಾಗಿ ಬಹಳ ಕಡಿಮೆ.

ಈ ಅಂತರಕ್ಕೆ ಕಾರಣವೇನು? ಅಗ್ಗದ ಬಾಟಲಿಗೂ ದುಬಾರಿ ಬಾಟಲಿಗೂ ಇರುವ ವ್ಯತ್ಯಾಸ ಯಾವುದು? ಈ ಪ್ರಶ್ನೆಗಳಿಗೆ ಉತ್ತರ ದೊರೆಯುವುದು ಅಂಗಡಿಯ ಕಪಾಟಿನಲ್ಲಲ್ಲ, ಕಾರ್ಖಾನೆಯ ನೆಲಮಾಳಿಗೆಯಲ್ಲಿ. ಇಲ್ಲಿನ ಹಳೆಯ ಸಂಸ್ಥೆಗಳು ಪ್ರವಾಸಿಗರಿಗೆ ತಮ್ಮ ಬಾಗಿಲು ತೆರೆದಿವೆ. ಮುಂಗಡವಾಗಿ ಕಾಯ್ದಿರಿಸಿಕೊಂಡು ಹೋದವರು ಕಾರ್ಖಾನೆಯನ್ನು ನೋಡಿ, ಕೊನೆಯಲ್ಲಿ ಕೆಲವು ಬಗೆಯ ವೈನ್‌ಗಳ ರುಚಿಯನ್ನೂ ನೋಡಿ ಬರಬಹುದು. ಅವುಗಳಲ್ಲಿ ಹೆಚ್ಚು ಪ್ರಸಿದ್ಧವಾದುದು ಕೊಡೊರ್ನಿಯು ಸಂಸ್ಥೆಯದು.

ಹೆಸರಿಗಾಗಿ ನಡೆದ ಜಗಳ

ಕೊಡೊರ್ನಿಯು ಕುಟುಂಬ ವೈನ್ ತಯಾರಿಸುತ್ತಿದ್ದುದಕ್ಕೆ 1551ರ ದಾಖಲೆಯಿದೆ. 1659ರಲ್ಲಿ ಈ ಮನೆತನದ ಅನ್ನಾ ಎಂಬಾಕೆ ಮಿಕೆಲ್ ರವೆಂತೋಸ್ ಎಂಬುವರನ್ನು ವಿವಾಹವಾದ ಬಳಿಕ ಆಸ್ತಿ ರವೆಂತೋಸ್ ಮನೆತನಕ್ಕೆ ಸೇರಿತು. ಅನ್ನಾಳ ಹೆಸರು ಇಂದಿಗೂ ಸಂಸ್ಥೆಯ ಜನಪ್ರಿಯ ಬಾಟಲಿಯೊಂದರ ಮೇಲಿದೆ. ಅಲ್ಲಿಯವರೆಗೆ ಇವರು ತಯಾರಿಸುತ್ತಿದ್ದುದು ನೊರೆಯಿಲ್ಲದ ಸಾಮಾನ್ಯ ವೈನ್. 1872ರಲ್ಲಿ ಜೋಸೆಪ್ ರವೆಂತೋಸ್ ಅವರು ಶಾಂಪೇನ್ ಪ್ರಾಂತ್ಯದ ವಿಧಾನವನ್ನು ಅನುಸರಿಸಿ ಸ್ಥಳೀಯ ದ್ರಾಕ್ಷಿಯಿಂದಲೇ ನೊರೆವೈನನ್ನು ಸಿದ್ಧಪಡಿಸಿದರು. ಕಾವಾ ಉದ್ಯಮ ತನ್ನ ಆರಂಭವನ್ನು ಗುರುತಿಸಿಕೊಳ್ಳುವುದು ಆ ವರ್ಷದಿಂದಲೇ.

ಹಲವು ದಶಕಗಳ ಕಾಲ ಸ್ಪೇನಿನವರು ಇದನ್ನು 'ಶಾಂಪಾನ್' ಎಂದೇ ಕರೆದು ಮಾರಿದರು. ಫ್ರಾನ್ಸಿನವರು ಸುಮ್ಮನಿರಲಿಲ್ಲ. ಶಾಂಪೇನ್ ಎಂಬುದು ತಮ್ಮ ಪ್ರಾಂತ್ಯದ ಹೆಸರು, ಅದನ್ನು ಬೇರೆಯವರು ಬಳಸುವಂತಿಲ್ಲ ಎಂಬುದು ಅವರ ವಾದ. 'ಸ್ಪ್ಯಾನಿಷ್ ಶಾಂಪೇನ್' ಎಂಬ ಹೆಸರಿನಲ್ಲಿ ಇಂಗ್ಲೆಂಡಿನಲ್ಲಿ ವೈನ್ ಮಾರುತ್ತಿದ್ದ ಕಂಪೆನಿಯ ವಿರುದ್ಧ ಅವರು ಲಂಡನ್ನಿನ ನ್ಯಾಯಾಲಯಕ್ಕೆ ಹೋಗಿ 1960ರಲ್ಲಿ ಗೆದ್ದರು. ಹೊಸ ಹೆಸರೊಂದು ಅನಿವಾರ್ಯವಾಯಿತು. ಆಗ ಆರಿಸಿಕೊಂಡ ಪದವೇ ಕಾವಾ. ಕೆಟಲನ್ ಭಾಷೆಯಲ್ಲಿ ಇದರ ಅರ್ಥ ನೆಲಮಾಳಿಗೆ. 1972ರಲ್ಲಿ ನಿಯಂತ್ರಣ ಮಂಡಳಿಯ ರಚನೆಯಾಯಿತು. 1986ರಲ್ಲಿ ಸ್ಪೇನ್ ಯುರೋಪಿಯನ್ ಸಮುದಾಯವನ್ನು ಸೇರಿದ ಸಂದರ್ಭದಲ್ಲಿ ಕಾವಾ ತಯಾರಿಕೆಯ ಪ್ರದೇಶಗಳನ್ನೂ ಗುರುತಿಸಲಾಯಿತು.

ಇಲ್ಲೊಂದು ಸೂಕ್ಷ್ಮವಿದೆ. ಶಾಂಪೇನ್ ಎಂಬುದು ಊರಿನ ಹೆಸರಾದರೆ ಕಾವಾ ಎಂಬುದು ವಿಧಾನವನ್ನು ನೆನಪಿಸುವ ಹೆಸರು. ಹೀಗಾಗಿ ಬಹುಪಾಲು ಕಾವಾ ಪೆನೆಡೆಸ್ ಸೀಮೆಯಲ್ಲಿಯೇ ತಯಾರಾದರೂ ವೆಲೆನ್ಸಿಯಾ, ಎಸ್ತ್ರೆಮಾದೂರಾ, ಅರಗಾನ್ ಮೊದಲಾದ ದೂರದ ಪ್ರದೇಶಗಳ ಕೆಲವು ಊರುಗಳಿಗೂ ಆ ಹೆಸರನ್ನು ಬಳಸುವ ಹಕ್ಕಿದೆ. ಮುಂದೆ ದೊಡ್ಡ ತಕರಾರಿಗೆ ಬೀಜ ಬಿದ್ದುದು ಇಲ್ಲಿಯೇ.

ಕೀಟ ತಂದ ಬದಲಾವಣೆ

ಕಾರ್ಖಾನೆಯ ಹಳೆಯ ಕಟ್ಟಡಗಳನ್ನು ಕಂಡವರಿಗೆ ಅದು ದೇವಾಲಯವೋ ಅರಮನೆಯೋ ಎಂಬ ಭ್ರಮೆಯುಂಟಾಗುವುದು ಸಹಜ. ಇಟ್ಟಿಗೆಯ ಬೃಹತ್ ಕಮಾನುಗಳು ಎತ್ತರದ ಚಾವಣಿಯನ್ನು ಹೊತ್ತು ನಿಂತಿವೆ. ಇವುಗಳನ್ನು ವಿನ್ಯಾಸಗೊಳಿಸಿದವರು ಬಾರ್ಸಿಲೋನಾದ ಪ್ರಖ್ಯಾತ ವಾಸ್ತುಶಿಲ್ಪಿ ಆಂಟೊನಿ ಗೌದಿಯ ಸಮಕಾಲೀನರಾದ ಜೋಸೆಪ್ ಪುಚ್ ಇ ಕಡಫಾಲ್ಕ್. 1895ರಲ್ಲಿ ಆರಂಭವಾದ ಕಾಮಗಾರಿ 1915ರಲ್ಲಿ ಮುಗಿಯಿತು. 1976ರಲ್ಲಿ ಸ್ಪೇನ್ ಸರಕಾರ ಈ ಕಟ್ಟಡಗಳನ್ನು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಘೋಷಿಸಿತು.

ಇಷ್ಟು ದೊಡ್ಡ ನಿರ್ಮಾಣದ ಹಿಂದೆ ಒಂದು ಸಂಕಟದ ಕಥೆಯೂ ಇದೆ. ಫಿಲಾಕ್ಸೆರಾ ಎಂಬುದು ಬಳ್ಳಿಯ ಬೇರಿನ ರಸ ಹೀರುವ ಅತಿ ಚಿಕ್ಕ ಕೀಟ. ಅಮೆರಿಕದಿಂದ ಯುರೋಪಿಗೆ ಬಂದ ಇದು ಮೊದಲು ಫ್ರಾನ್ಸಿನ ತೋಟಗಳನ್ನು ನಾಶಪಡಿಸಿತು. 1887ರ ಸುಮಾರಿಗೆ ಪೆನೆಡೆಸ್‌ಗೂ ಕಾಲಿಟ್ಟಿತು. ಕೀಟವನ್ನು ತಡೆದುಕೊಳ್ಳುವ ಅಮೆರಿಕದ ಬೇರುಗಳಿಗೆ ಸ್ಥಳೀಯ ಬಳ್ಳಿಯನ್ನು ಕಸಿ ಕಟ್ಟುವುದೊಂದೇ ದಾರಿಯಾಯಿತು. ಹೇಗಿದ್ದರೂ ಹೊಸದಾಗಿ ನೆಡಬೇಕು ಎಂದಾದಾಗ ರೈತರು ಕೆಂಪು ದ್ರಾಕ್ಷಿಯ ಬದಲು ನೊರೆವೈನಿಗೆ ಒಗ್ಗುವ ಬಿಳಿ ತಳಿಗಳನ್ನು ಹೆಚ್ಚಾಗಿ ನೆಟ್ಟರು. ಕೊಡೊರ್ನಿಯು ಸಂಸ್ಥೆಯನ್ನು ಆಗ ನಡೆಸುತ್ತಿದ್ದ ಮ್ಯಾನುಯೆಲ್ ರವೆಂತೋಸ್ ಈ ಬದಲಾವಣೆಯ ಮುಂಚೂಣಿಯಲ್ಲಿದ್ದರು. ಊರಿನವರು ಆ ಕೀಟವನ್ನು ಮರೆತಿಲ್ಲ. 1982ರಿಂದ ಪ್ರತಿ ಸೆಪ್ಟೆಂಬರಿನಲ್ಲಿ ಫಿಲಾಕ್ಸೆರಾ ಹಬ್ಬ ನಡೆಯುತ್ತಿದ್ದು, ಬೃಹದಾಕಾರದ ಕೀಟದ ಪ್ರತಿಕೃತಿ ಪಟಾಕಿಯ ಕಿಡಿ ಕಾರುತ್ತ ಬೀದಿಯಲ್ಲಿ ಸಾಗುತ್ತದೆ.

ಎರಡು ಬಾರಿ ಹುದುಗುವ ರಸ

ಕಾವಾಕ್ಕೆ ಸಾಂಪ್ರದಾಯಿಕವಾಗಿ ಬಳಸುವ ದ್ರಾಕ್ಷಿ ತಳಿಗಳು ಮೂರು. ಮಕಬೆಯೊ ತಳಿ ಹಣ್ಣಿನ ಪರಿಮಳವನ್ನೂ ಮೃದುತ್ವವನ್ನೂ ನೀಡುತ್ತದೆ. ಶಾರೆಲ್ಲೊ ಮೈಕಟ್ಟನ್ನೂ ಹುಳಿಯನ್ನೂ ಕೊಡುತ್ತದೆ. ಎತ್ತರದ ಜಾಗಗಳಲ್ಲಿ ಚೆನ್ನಾಗಿ ಬೆಳೆಯುವ ಪರೆಲ್ಯಾದಾದಿಂದ ಹೂವಿನ ನವಿರು ಬರುತ್ತದೆ. ಇತ್ತೀಚಿನ ದಶಕಗಳಲ್ಲಿ ಶಾರ್ದೊನೆ, ಪಿನೊ ನ್ವಾರ್ ಎಂಬ ಫ್ರೆಂಚ್ ತಳಿಗಳೂ ಸೇರಿಕೊಂಡಿವೆ. ಹಣ್ಣು ಪೂರ್ಣ ಸಿಹಿಯಾಗುವ ಮೊದಲೇ, ಹುಳಿ ಉಳಿದಿರುವಾಗಲೇ ಕೊಯ್ಲು ಮಾಡಲಾಗುತ್ತದೆ.

ಹಿಂಡಿದ ರಸ ಉಕ್ಕಿನ ತೊಟ್ಟಿಗಳಲ್ಲಿ ಯೀಸ್ಟಿನ ನೆರವಿನಿಂದ ಹುದುಗುತ್ತದೆ. ಸಕ್ಕರೆ ಮದ್ಯಸಾರವಾಗಿ, ಜತೆಗೆ ಇಂಗಾಲದ ಡೈಆಕ್ಸೈಡ್ ಅನಿಲ ಹೊರಬರುತ್ತದೆ. ನಮ್ಮ ದೋಸೆ ಹಿಟ್ಟು ರಾತ್ರಿ ಕಳೆಯುವಷ್ಟರಲ್ಲಿ ಉಬ್ಬಿ ಮೇಲೇಳುವುದೂ ಇದೇ ಅನಿಲದಿಂದ. ತೊಟ್ಟಿಯಲ್ಲಿ ಹುಟ್ಟಿದ ಅನಿಲ ಗಾಳಿಗೆ ಹೋಗಿಬಿಡುವುದರಿಂದ ಈ ಹಂತದ ವೈನಿನಲ್ಲಿ ಗುಳ್ಳೆಗಳಿರುವುದಿಲ್ಲ. ಬೇರೆ ಬೇರೆ ತೋಟಗಳ, ತಳಿಗಳ ವೈನ್‌ಗಳನ್ನು ಹದವರಿತು ಬೆರೆಸುವುದು ಮುಂದಿನ ಕೆಲಸ.

ನಿಜವಾದ ಚಮತ್ಕಾರ ನಡೆಯುವುದು ಅನಂತರ. ಈ ವೈನನ್ನು ದಪ್ಪ ಗಾಜಿನ ಬಾಟಲಿಗೆ ತುಂಬಿ, ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ ಹಾಗೂ ಹೊಸ ಯೀಸ್ಟನ್ನು ಸೇರಿಸಿ, ಲೋಹದ ಮುಚ್ಚಳ ಬಿಗಿದು ಮಲಗಿಸುತ್ತಾರೆ. ಮುಚ್ಚಿದ ಬಾಟಲಿಯೊಳಗೇ ಎರಡನೆಯ ಬಾರಿ ಹುದುಗುವಿಕೆ ನಡೆಯುತ್ತದೆ. ಈಗ ಅನಿಲಕ್ಕೆ ಹೊರಹೋಗಲು ದಾರಿಯಿಲ್ಲ. ಅದು ವೈನಿನಲ್ಲೇ ಕರಗಿ ಕುಳಿತುಕೊಳ್ಳುತ್ತದೆ. ಒಳಗಿನ ಒತ್ತಡ ಸುಮಾರು ಆರು ವಾಯುಮಾನಕ್ಕೇರುತ್ತದೆ. ಇದು ಕಾರಿನ ಟೈರಿನ ಒತ್ತಡದ ಎರಡು ಪಟ್ಟಿಗೂ ಹೆಚ್ಚು. ಬಾಟಲಿಯ ಗಾಜು ದಪ್ಪಗಿರುವುದು, ತಳ ಒಳಕ್ಕೆ ಬಾಗಿರುವುದು ಇದನ್ನು ತಡೆಯಲೆಂದೇ.

ಗೋಲಿ ಸೋಡಾಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದರಿಂದ ಸ್ಪಷ್ಟವಾಗುತ್ತದೆ. ಸೋಡಾಕ್ಕೆ ಸಿಲಿಂಡರಿನಿಂದ ಅನಿಲವನ್ನು ನುಗ್ಗಿಸಲಾಗುತ್ತದೆ. ಕಾವಾದಲ್ಲಿ ಅನಿಲ ಒಳಗೇ ಹುಟ್ಟಿದ್ದು. ಇವೆರಡರ ನಡುವಿನ ಮಾರ್ಗವೂ ಒಂದಿದೆ. ಇಟಲಿಯ ಪ್ರೊಸೆಕ್ಕೊದಂತಹ ವೈನ್‌ಗಳಲ್ಲಿ ಎರಡನೆಯ ಹುದುಗುವಿಕೆ ಸಾಮಾನ್ಯವಾಗಿ ನಡೆಯುವುದು ಮುಚ್ಚಿದ ದೊಡ್ಡ ತೊಟ್ಟಿಯಲ್ಲಿ. ಅದಕ್ಕೆ ಖರ್ಚೂ ಕಡಿಮೆ, ಸಮಯವೂ ಕಡಿಮೆ.

ನೆಲದಡಿಯ ಕತ್ತಲು

ಕೊಡೊರ್ನಿಯುವಿನ ನೆಲಮಾಳಿಗೆಗಳು ಐದು ಅಂತಸ್ತುಗಳಲ್ಲಿ ಹರಡಿದ್ದು, ಅವುಗಳ ಒಟ್ಟು ಉದ್ದ ಸುಮಾರು 30 ಕಿ.ಮೀ. ಇವುಗಳ ಒಂದು ಭಾಗವನ್ನು ಪ್ರವಾಸಿಗರಿಗೆ ಪುಟ್ಟ ರೈಲಿನಂತಹ ವಾಹನದಲ್ಲಿ ಕೂರಿಸಿ ತೋರಿಸಲಾಗುತ್ತದೆ. ಮೇಲೆ ಬೇಸಿಗೆಯ ಉರಿಯಿದ್ದರೂ ಕೆಳಗೆ ತಂಪು. ಬೆಳಕು ಮಂದ. ಇಕ್ಕೆಲಗಳಲ್ಲಿಯೂ ಸಾಲುಸಾಲು ಬಾಟಲಿಗಳು. ಈ ತಂಪು, ಕತ್ತಲು, ನಿಶ್ಶಬ್ದ ಯಾವುದೂ ಅಲಂಕಾರಕ್ಕಲ್ಲ. ಉಷ್ಣಾಂಶ ಏರಿಳಿದರೆ ಹುದುಗುವಿಕೆ ಹದ ತಪ್ಪುತ್ತದೆ, ಬೆಳಕು ತಾಗಿದರೆ ವೈನಿನ ವಾಸನೆ ಕೆಡುತ್ತದೆ.

ಎರಡನೆಯ ಹುದುಗುವಿಕೆ ಕೆಲವು ವಾರಗಳಲ್ಲಿ ಮುಗಿಯುತ್ತದೆ. ಹಾಗಿದ್ದರೂ ಬಾಟಲಿಗಳನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ಮಲಗಿಸಿಡುವುದೇಕೆ? ಕೆಲಸ ಮುಗಿಸಿ ಸತ್ತ ಯೀಸ್ಟು ಗಷ್ಟಾಗಿ ತಳದಲ್ಲಿ ಕೂರುತ್ತದೆ. ಅದರ ಕೋಶಗಳು ನಿಧಾನವಾಗಿ ಒಡೆದು ತಮ್ಮ ಸಾರವನ್ನು ವೈನಿಗೆ ಬಿಡುತ್ತವೆ. ಹೊಸದಾಗಿ ಸುಟ್ಟ ಬ್ರೆಡ್ಡಿನ, ಹುರಿದ ಬಾದಾಮಿಯ ಪರಿಮಳ ಬರುವುದು ಇದರಿಂದ. ಬಾಯಲ್ಲಿ ಕೆನೆಯಂತಹ ಮೃದುತ್ವ ಉಂಟಾಗುವುದೂ ಇದರಿಂದಲೇ. ಈ ಕ್ರಿಯೆಯನ್ನು ಅವಸರಪಡಿಸಲು ಬರುವುದಿಲ್ಲ. ಬಾಟಲಿ ಮಾಳಿಗೆಯಲ್ಲಿ ಮಲಗಿರುವಷ್ಟು ದಿನವೂ ಮಾಲೀಕನ ಬಂಡವಾಳವೂ ಅದರೊಂದಿಗೆ ಮಲಗಿರುತ್ತದೆ. ದುಬಾರಿ ಕಾವಾದ ಬೆಲೆಯಲ್ಲಿ ದೊಡ್ಡ ಪಾಲು ಈ ಕಾಯುವಿಕೆಯದು.

ನಿಯಮದ ಪ್ರಕಾರ ಯಾವುದೇ ಕಾವಾ ಕನಿಷ್ಠ 9 ತಿಂಗಳು ಗಷ್ಟಿನೊಂದಿಗೆ ಮಾಗಬೇಕು. 'ರೆಸೆರ್ವಾ' ಎನಿಸಿಕೊಳ್ಳಲು 18 ತಿಂಗಳು, 'ಗ್ರಾನ್ ರೆಸೆರ್ವಾ'ಕ್ಕೆ 30 ತಿಂಗಳು ಬೇಕು. ನಿರ್ದಿಷ್ಟ ತೋಟವೊಂದರ ಹಣ್ಣಿನಿಂದಲೇ ತಯಾರಿಸುವ ಅತ್ಯುನ್ನತ ದರ್ಜೆಗೆ 36 ತಿಂಗಳು. ಹೋಲಿಕೆಗೆ ಹೇಳುವುದಾದರೆ, ಸಾಮಾನ್ಯ ಶಾಂಪೇನ್ ಮಾರಾಟಕ್ಕೆ ಬರಬೇಕಾದರೂ ಕನಿಷ್ಠ 15 ತಿಂಗಳು ಕಳೆಯಬೇಕು.

ಗಷ್ಟು ತೆಗೆಯುವ ಜಾಣ್ಮೆ

ಮಾಗಿದ ವೈನಿನಿಂದ ಗಷ್ಟನ್ನು ಬೇರ್ಪಡಿಸಬೇಕು, ಆದರೆ ಅನಿಲ ಹೋಗಬಾರದು. ಈ ಸಮಸ್ಯೆಗೆ 19ನೆಯ ಶತಮಾನದ ಆರಂಭದಲ್ಲಿ ಶಾಂಪೇನ್ ಪ್ರಾಂತ್ಯದ ಕ್ಲಿಕೊ ಸಂಸ್ಥೆಯಲ್ಲಿ ಪರಿಹಾರ ಕಂಡುಕೊಳ್ಳಲಾಯಿತು. ಅದನ್ನು ನಡೆಸುತ್ತಿದ್ದವರು ಚಿಕ್ಕ ವಯಸ್ಸಿನಲ್ಲೇ ಪತಿಯನ್ನು ಕಳೆದುಕೊಂಡ ಬಾರ್ಬ್ ನಿಕೋಲ್ ಕ್ಲಿಕೊ ಎಂಬ ಮಹಿಳೆ. ಓರೆಯಾಗಿ ನಿಲ್ಲಿಸಿದ ಹಲಗೆಯ ತೂತುಗಳಲ್ಲಿ ಬಾಟಲಿಯ ಕತ್ತನ್ನು ಸಿಕ್ಕಿಸಿ, ದಿನವೂ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ, ಕ್ರಮೇಣ ತಲೆಕೆಳಗಾಗಿಸಲಾಗುತ್ತದೆ. ಗಷ್ಟು ಜಾರಿ ಕತ್ತಿನೊಳಗೆ ಬಂದು ನಿಲ್ಲುತ್ತದೆ. ನುರಿತ ಕೆಲಸಗಾರ ದಿನವೊಂದಕ್ಕೆ ಸಾವಿರಾರು ಬಾಟಲಿಗಳನ್ನು ತಿರುಗಿಸಬಲ್ಲ.

ವಾರಗಟ್ಟಲೆ ಹಿಡಿಯುತ್ತಿದ್ದ ಈ ಕೆಲಸವನ್ನು ಈಗ ಹೆಚ್ಚಾಗಿ ಯಂತ್ರಗಳು ಮಾಡುತ್ತವೆ. ನೂರಾರು ಬಾಟಲಿಗಳನ್ನು ತುಂಬಿದ ಪಂಜರ ತಾನಾಗಿಯೇ ಓರೆಯಾಗಿ ತಿರುಗುತ್ತದೆ. 1970ರ ದಶಕದಲ್ಲಿ ಪೆನೆಡೆಸ್‌ನಲ್ಲಿ ಬಳಕೆಗೆ ಬಂದ ಇಂತಹ ಪಂಜರಕ್ಕೆ ಇಲ್ಲಿನವರು ಇಟ್ಟ ಹೆಸರು 'ಗಿರಸೋಲ್', ಅಂದರೆ ಸೂರ್ಯಕಾಂತಿ. ಕಾವಾ ಕಡಿಮೆ ಬೆಲೆಗೆ ದೊರೆಯಲು ಯಾಂತ್ರೀಕರಣವೂ ಒಂದು ಕಾರಣ.

ಬಳಿಕ ಬಾಟಲಿಯ ಕತ್ತನ್ನಷ್ಟೇ ಅತಿಶೀತ ದ್ರಾವಣದಲ್ಲಿ ಅದ್ದಲಾಗುತ್ತದೆ. ಗಷ್ಟು ಮಂಜುಗಡ್ಡೆಯ ತುಂಡಾಗುತ್ತದೆ. ಮುಚ್ಚಳ ತೆರೆದೊಡನೆ ಒಳಗಿನ ಒತ್ತಡವೇ ಆ ತುಂಡನ್ನು ಹೊರಕ್ಕೆ ಚಿಮ್ಮಿಸುತ್ತದೆ. ಕಡಿಮೆಯಾದ ಜಾಗಕ್ಕೆ ಅದೇ ವೈನನ್ನು ತುಂಬುತ್ತಾರೆ. ಬೇಕಾದಷ್ಟು ಸಕ್ಕರೆ ಬೆರೆಸುವುದೂ ಆಗಲೇ. ಕೊನೆಗೆ ಬಿರಡೆ ಒತ್ತಿ ತಂತಿಯ ಬಲೆ ಬಿಗಿಯಲಾಗುತ್ತದೆ. ಆ ಬಲೆಯ ಮೇಲಿನ ಬಣ್ಣಬಣ್ಣದ ಲೋಹದ ಬಿಲ್ಲೆಗಳನ್ನು ಅಂಚೆಚೀಟಿಯಂತೆ ಸಂಗ್ರಹಿಸುವವರು ಕೆಟಲೋನಿಯಾದಲ್ಲಿ ಬಹಳ ಮಂದಿ.

ರುಚಿ ನೋಡುವ ಕ್ರಮ

ಪ್ರವಾಸದ ಕೊನೆಯ ಘಟ್ಟ ರುಚಿ ನೋಡುವ ಕೋಣೆ. ವೈನನ್ನು 6ರಿಂದ 8 ಡಿಗ್ರಿ ಸೆಲ್ಸಿಯಸ್‌ವರೆಗೆ ತಂಪಾಗಿಸಿರುತ್ತಾರೆ. ತಂಪು ಹೆಚ್ಚಿದಷ್ಟೂ ಅನಿಲ ವೈನಿನಲ್ಲಿ ಉಳಿಯುತ್ತದೆ. ಬಿರಡೆಯನ್ನು ಬಿಗಿಯಾಗಿ ಹಿಡಿದು ಬಾಟಲಿಯನ್ನೇ ತಿರುಗಿಸಿ ತೆರೆಯುವುದು ಸರಿಯಾದ ಕ್ರಮ. ಸಿನಿಮಾದಲ್ಲಿ ಕಾಣುವಂತೆ ಢಮಾರೆಂದು ಹಾರಿಸಿದರೆ ವೈನೂ ನಷ್ಟ, ಕಣ್ಣಿಗೂ ಅಪಾಯ.

ಮೊದಲು ನೋಡಬೇಕಾದುದು ಬಣ್ಣ ಮತ್ತು ಗುಳ್ಳೆ. ಎಳೆಯ ಕಾವಾ ತಿಳಿ ಹುಲ್ಲಿನ ಬಣ್ಣದ್ದು. ಮಾಗಿದಂತೆ ಹೊನ್ನಿನ ಬಣ್ಣಕ್ಕೆ ತಿರುಗುತ್ತದೆ. ಗುಳ್ಳೆಗಳು ಲೋಟದ ಒಂದೊಂದು ಬಿಂದುವಿನಿಂದ ಸರಪಳಿಯಂತೆ ಏಳುತ್ತವೆ. ಬಟ್ಟೆಯಿಂದಲೋ ಗಾಳಿಯಿಂದಲೋ ಬಂದು ಗಾಜಿಗೆ ಅಂಟಿಕೊಂಡ ಸೂಕ್ಷ್ಮ ನಾರಿನೊಳಗಿನ ಗಾಳಿಯೇ ಪ್ರತಿ ಸರಪಳಿಯ ಮೂಲ ಎಂಬುದನ್ನು ವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ. ಆದುದರಿಂದ ಗುಳ್ಳೆಗಳ ಸಂಖ್ಯೆಯನ್ನು ಕಂಡು ವೈನಿನ ಗುಣವನ್ನು ಅಳೆಯುವುದು ತಪ್ಪಾದೀತು, ಅದರಲ್ಲಿ ಲೋಟದ ಪಾಲೂ ಇದೆ.

ಅನಂತರ ವಾಸನೆ, ಆಮೇಲೆ ಗುಟುಕು. ಎಳೆಯದರಲ್ಲಿ ಹಸಿರು ಸೇಬು, ನಿಂಬೆಯ ನೆನಪು. ಮಾಗಿದ್ದರಲ್ಲಿ ಬ್ರೆಡ್ಡು, ಬಾದಾಮಿ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಸವಿದರೆ ನೆಲಮಾಳಿಗೆಯಲ್ಲಿ ಕಂಡುದರ ಅರ್ಥ ನಾಲಗೆಗೆ ತಿಳಿಯುತ್ತದೆ. ರುಚಿ ನೋಡಿದ್ದೆಲ್ಲವನ್ನೂ ನುಂಗಲೇಬೇಕೆಂಬ ಕಟ್ಟಳೆಯಿಲ್ಲ. ಉಗುಳುವುದು ಈ ವೃತ್ತಿಯಲ್ಲಿ ಅಸಭ್ಯವಲ್ಲ. ಮದ್ಯಪಾನದಲ್ಲಿ ಸುರಕ್ಷಿತ ಪ್ರಮಾಣವೆಂಬುದು ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿರುವುದನ್ನೂ ಇಲ್ಲಿ ನೆನೆಯಬೇಕು.

ಬಾಟಲಿಯ ಚೀಟಿಯಲ್ಲಿ ಸಿಹಿಯ ಪ್ರಮಾಣವೂ ಇರುತ್ತದೆ. 'ಬ್ರೂಟ್ ನೇಚರ್' ಎಂದಿದ್ದರೆ ಸಕ್ಕರೆ ಬೆರೆಸಿಲ್ಲ, ಲೀಟರಿಗೆ 3 ಗ್ರಾಂಗಿಂತ ಕಡಿಮೆ ಇದೆ ಎಂದರ್ಥ. 'ಬ್ರೂಟ್' ಎಂದರೆ 12 ಗ್ರಾಂವರೆಗೆ. 'ಸೆಕೊ' ಎಂಬ ಪದಕ್ಕೆ ಒಣ ಎಂಬ ಅರ್ಥವಿದ್ದರೂ ಅದರಲ್ಲಿ 17ರಿಂದ 32 ಗ್ರಾಂ ಸಕ್ಕರೆ ಇರುತ್ತದೆ. 'ಸೆಮಿ ಸೆಕೊ', 'ದುಲ್ಸೆ' ಇನ್ನೂ ಸಿಹಿ.

ಊರಿನಲ್ಲಿ ಬಿರುಕು

ಪ್ರವಾಸಿಗರಿಗೆ ಕಾಣುವ ಈ ಸಂಭ್ರಮದ ಹಿಂದೆ ಕಳವಳವೂ ಇದೆ. ದೊಡ್ಡ ಕಂಪೆನಿಗಳು ಅಗ್ಗದ ಕಾವಾವನ್ನು ಕೋಟಿಗಟ್ಟಲೆ ಬಾಟಲಿಗಳಲ್ಲಿ ಮಾರುವುದರಿಂದ ಹೆಸರಿನ ಘನತೆ ಕುಂದುತ್ತಿದೆ, ದ್ರಾಕ್ಷಿಗೆ ನ್ಯಾಯವಾದ ಬೆಲೆ ಸಿಗುತ್ತಿಲ್ಲ ಎಂಬುದು ಸಣ್ಣ ತಯಾರಕರ ಹಾಗೂ ರೈತರ ದೂರು. 2012ರಲ್ಲಿ ರವೆಂತೋಸ್ ಕುಟುಂಬದ್ದೇ ಆದ ರವೆಂತೋಸ್ ಇ ಬ್ಲಾಂಕ್ ಸಂಸ್ಥೆ ಕಾವಾ ಎಂಬ ಹೆಸರನ್ನು ತ್ಯಜಿಸಿತು. 2019ರಲ್ಲಿ ಗ್ರಮೋನಾ, ರೆಕರೆದೊ ಸೇರಿದಂತೆ ಒಂಬತ್ತು ಸಂಸ್ಥೆಗಳು ಹೊರನಡೆದು 'ಕೊರ್ಪಿನ್ನಾತ್' ಎಂಬ ತಮ್ಮದೇ ಹೆಸರಿನಲ್ಲಿ ವೈನ್ ಮಾರತೊಡಗಿದವು. ಸಾವಯವ ದ್ರಾಕ್ಷಿ, ಕೈಯಿಂದಲೇ ಕೊಯ್ಲು, ಕನಿಷ್ಠ 18 ತಿಂಗಳ ಮಾಗುವಿಕೆ ಅವರ ನಿಯಮಗಳು. ಮಂಡಳಿಯೂ ಅನಂತರ ತನ್ನ ನಿಯಮಗಳನ್ನು ಬಿಗಿಗೊಳಿಸಿತು. 18 ತಿಂಗಳು ಮೀರಿ ಮಾಗುವ ಕಾವಾಗಳಿಗೆ 2025ರಿಂದ ಸಾವಯವ ದ್ರಾಕ್ಷಿ ಕಡ್ಡಾಯವಾಗಿದೆ.

ಒಡೆತನವೂ ಬದಲಾಗಿದೆ. 2018ರಲ್ಲಿ ಕೊಡೊರ್ನಿಯುವಿನ ಬಹುಪಾಲು ಷೇರುಗಳು ಅಮೆರಿಕದ ಕಾರ್ಲೈಲ್ ಸಮೂಹದ ಪಾಲಾದವು. ರೈಲು ನಿಲ್ದಾಣದ ಬಳಿಯ ಫ್ರೆಶೆನೆತ್ ಸಂಸ್ಥೆಯ ಅರ್ಧಕ್ಕಿಂತ ಹೆಚ್ಚು ಪಾಲನ್ನು ಅದೇ ವರ್ಷ ಜರ್ಮನಿಯ ಹೆಂಕೆಲ್ ಖರೀದಿಸಿತು.

ಇದರ ಮೇಲೆ ಬರ. ಪೆನೆಡೆಸ್‌ನ ಬಹುಪಾಲು ತೋಟಗಳು ಮಳೆಯಾಶ್ರಿತ. 2021ರಿಂದ ಸತತ ಮೂರು ವರ್ಷ ಮಳೆ ಕೈಕೊಟ್ಟಿತು. 2024ರ ಫೆಬ್ರವರಿಯಲ್ಲಿ ಬಾರ್ಸಿಲೋನಾ ಹಾಗೂ ಸುತ್ತಲಿನ ಪ್ರದೇಶದಲ್ಲಿ ನೀರಿನ ತುರ್ತುಸ್ಥಿತಿ ಘೋಷಣೆಯಾಯಿತು. ದ್ರಾಕ್ಷಿಯ ಕೊರತೆಯಿಂದ ಫ್ರೆಶೆನೆತ್ ಅದೇ ವರ್ಷದ ಏಪ್ರಿಲ್‌ನಲ್ಲಿ 615 ಕೆಲಸಗಾರರಿಗೆ ತಾತ್ಕಾಲಿಕ ಕೆಲಸ ಕಡಿತವನ್ನು ಪ್ರಕಟಿಸಿತು. 2023ರಲ್ಲಿ ಸುಮಾರು 25 ಕೋಟಿ ಬಾಟಲಿಗಳಷ್ಟಿದ್ದ ಕಾವಾ ಮಾರಾಟ 2024ರಲ್ಲಿ 22 ಕೋಟಿಗಿಂತ ಕೆಳಗಿಳಿಯಿತು. ಮೂವತ್ತು ತಿಂಗಳು ಮಾಗಬೇಕಾದ ವೈನಿಗೆ ಒಂದು ವರ್ಷದ ಬರದ ಪೆಟ್ಟು ತಿಳಿಯುವುದು ಮೂರು ವರ್ಷಗಳ ನಂತರ. ಬರಗಾಲದ ಲೆಕ್ಕ ಇನ್ನೂ ಮುಗಿದಿಲ್ಲ ಎಂಬುದರ ಅರ್ಥ ಇದು.

ನಮ್ಮ ನೆಲದಲ್ಲಿ

ಈ ವಿಧಾನ ಭಾರತಕ್ಕೆ ಹೊಸದಲ್ಲ. ಮಹಾರಾಷ್ಟ್ರದ ನಾಸಿಕ್ ಸೀಮೆಯಲ್ಲಿ ಸುಲಾ ಹಾಗೂ ದಿಂಡೋರಿಯ ಶಾಂದೊನ್ ಸಂಸ್ಥೆಗಳು ಬಾಟಲಿಯಲ್ಲೇ ಎರಡನೆಯ ಬಾರಿ ಹುದುಗಿಸಿದ ನೊರೆವೈನನ್ನು ತಯಾರಿಸುತ್ತವೆ. ಕರ್ನಾಟಕದಲ್ಲಿ ನಂದಿಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದ ಬಳಿ ಗ್ರೋವರ್ ಸಂಸ್ಥೆ 1988ರಿಂದ ವೈನ್ ದ್ರಾಕ್ಷಿಯಲ್ಲಿ ತೊಡಗಿದೆ. ಅಲ್ಲಿಯೂ ತೋಟ, ಕಾರ್ಖಾನೆ ತೋರಿಸಿ ರುಚಿ ನೋಡಿಸುವ ವ್ಯವಸ್ಥೆಯಿದೆ. 2007ರಲ್ಲಿ ರಾಜ್ಯ ಸರಕಾರ ವೈನ್ ನೀತಿಯನ್ನು ಪ್ರಕಟಿಸಿ, ಈ ಉದ್ದಿಮೆಗೆಂದೇ ಮಂಡಳಿಯನ್ನೂ ರಚಿಸಿತು. ಸ್ಪೇನಿನಲ್ಲಿ ಕೊಯ್ಲು ಆಗಸ್ಟ್‌ನಿಂದ ಅಕ್ಟೋಬರ್‌ವರೆಗಾದರೆ, ನಮ್ಮಲ್ಲಿ ಚಳಿಗಾಲ ಕಳೆದು ಬೇಸಿಗೆ ಆರಂಭವಾಗುವ ವೇಳೆಗೆ.

ವಿಜಯಪುರ, ಬಾಗಲಕೋಟೆ ಸೀಮೆಗಳ ದ್ರಾಕ್ಷಿ ಬೆಳೆಗಾರರಿಗೂ ಬರ, ಬೆಲೆ ಕುಸಿತ ಪರಿಚಿತವೇ. ಸಾಂತ್ ಸದುರ್ನಿಯ ಅನುಭವದಲ್ಲಿ ಅವರಿಗೂ ಒಂದು ಪಾಠವಿದೆ. ಯಂತ್ರವನ್ನು ಕೊಳ್ಳಬಹುದು, ವಿಧಾನವನ್ನು ಕಲಿಯಬಹುದು. ಆದರೆ ಕಾಯುವ ಶಕ್ತಿಯಿದ್ದವನಿಗೆ ಮಾತ್ರ ಒಳ್ಳೆಯ ಬೆಲೆ ಸಿಗುತ್ತದೆ. ಆ ಬೆಲೆಯಲ್ಲಿ ತೋಟದವನಿಗೂ ಪಾಲು ಸಿಗದಿದ್ದರೆ ಹೆಸರು ಎಷ್ಟೇ ದೊಡ್ಡದಿರಲಿ, ಒಂದು ದಿನ ಒಡೆಯುತ್ತದೆ. ಮುಂದಿನ ಬಾರಿ ಕಾವಾ ಬಾಟಲಿಯೊಂದನ್ನು ಕೈಗೆತ್ತಿಕೊಂಡವರು ಗುಳ್ಳೆಯನ್ನು ಎಣಿಸುವ ಬದಲು ಅದರ ಚೀಟಿಯಲ್ಲಿ ತಿಂಗಳುಗಳನ್ನು ಹುಡುಕಲಿ.